‘ಸೀಕ್ವೆಸ್ಟ್ರೇಷನ್’ ಅಂದ್ರೆ ಜಪ್ತಿನಾ? ಇಂಗಾಲದ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ

ತೋಟದ ಇಂಗಾಲಕ್ಕೆ ದುಡ್ಡು ಕೊಡಿಸ್ತೀವಿ ಅಂತ ಬಂದವರ ಒಪ್ಪಂದ ಪತ್ರವನ್ನು ತರೀಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ವಾಟ್ಸಾಪಲ್ಲಿ ಕಳಿಸಿದ್ರು. ಇಂಗ್ಲಿಷ್ ಪತ್ರವನ್ನು ಮಗ ಮೊಬೈಲಲ್ಲಿ ಕನ್ನಡಕ್ಕೆ ಹಾಕಿದಾಗ ‘ಇಂಗಾಲದ ಜಪ್ತಿ’ ಅಂತ ಬಂದಿದೆ. ‘ಏನಪ್ಪ ಇದು, ಜಪ್ತಿ ತೋಟದ್ದಾ?’ ಅಂತ ಕೇಳಿದ್ರು. ನಗೋ ವಿಷಯ ಅಲ್ಲ. ಬ್ಯಾಂಕ್ ನೋಟಿಸು ಕಂಡ ಮನೆಯಲ್ಲಿ ಆ ಪದಕ್ಕೆ ಇರೋದು ಒಂದೇ ಅರ್ಥ.

ಪತ್ರದಲ್ಲಿದ್ದದ್ದು ‘ಸೀಕ್ವೆಸ್ಟ್ರೇಷನ್’. ಲ್ಯಾಟಿನ್‌ನಲ್ಲಿ ‘ಸೆಕ್ವೆಸ್ಟರ್’ ಅಂದ್ರೆ, ಇಬ್ಬರ ನಡುವೆ ವ್ಯಾಜ್ಯ ಬಿದ್ದ ವಸ್ತುವನ್ನು ತೀರ್ಮಾನ ಆಗೋ ತನಕ ಇಟ್ಟುಕೊಳ್ಳುವ ಮೂರನೆಯವನು. ಇಂಗ್ಲಿಷಿಗೆ ಬಂದ ಮೇಲೆ ಆಸ್ತಿ ಮುಟ್ಟುಗೋಲಿಗೂ ಅದೇ ಪದ, ಬೇರೆ ತೆಗೆದು ಇಡೋದಕ್ಕೂ ಅದೇ ಪದ. ಅಮೆರಿಕದಲ್ಲಿ ದೊಡ್ಡ ಕೇಸು ನಡೆಯುವಾಗ ಜ್ಯೂರಿಯವರನ್ನು ಹೊರಗಿನವರ ಸಂಪರ್ಕ ಇಲ್ಲದ ಹಾಗೆ ಇಡೋದಕ್ಕೂ ಹೀಗೇ ಅಂತಾರೆ. ರಸಾಯನಶಾಸ್ತ್ರದಲ್ಲೂ ಇದೆ: ಚೀಲೇಟೆಡ್ ಜಿಂಕಲ್ಲಿ ಇಡಿಟಿಎ ಅನ್ನೋದು ಸತುವನ್ನು ಏಡಿಯ ಕೊಂಡಿಯ ಹಾಗೆ ಹಿಡಿದು, ಸುಣ್ಣದಂಶದ ಮಣ್ಣಲ್ಲಿ ಕಟ್ಟಿಹೋಗದ ಹಾಗೆ ಕಾಯತ್ತೆ. (ಸಾವಯವದವರು ಕೊಳ್ಳಬೇಕಿಲ್ಲ, ಒಳ್ಳೆ ಗೊಬ್ಬರದ ಹ್ಯೂಮಸ್ ಅದೇ ಕೆಲಸ ಸ್ವಲ್ಪ ಮಟ್ಟಿಗೆ ಮಾಡತ್ತೆ.)

ನಮ್ಮಲ್ಲಿ ಹತ್ತಿರದ ಹೋಲಿಕೆ ಹಳೇ ಕಾಲದ ದೊಡ್ಡಿ. ಪೈರು ಮೇಯ್ದ ದನವನ್ನು ದೊಡ್ಡಿಗೆ ಕೂಡಿದ್ರೆ ಅದು ದೊಡ್ಡಿಯವನದ್ದಾಗಲ್ಲ. ಬಾಗಿಲು ತೆಗೆಯೋ ತನಕ ಒಳಗಿರತ್ತೆ, ಅಷ್ಟೇ.

ಮಣ್ಣಿನ ಇಂಗಾಲವೂ ಹಾಗೇ. ಗಿಡ ಗಾಳಿಯಿಂದ ಎಳೆದುಕೊಂಡ ಇಂಗಾಲ ಬೇರು, ಎಲೆ, ಸೋಗೆ ಆಗತ್ತೆ. ಅದು ಮಣ್ಣಿಗೆ ಬಿದ್ದಾಗ ಹೆಚ್ಚಿನ ಪಾಲನ್ನು ಸೂಕ್ಷ್ಮಜೀವಿಗಳು ತಿಂದು ವಾಪಸ್ ಗಾಳಿಗೆ ಬಿಡ್ತವೆ. ಉಳಿದ ಸ್ವಲ್ಪ ಜೇಡಿ ಕಣಗಳಿಗೆ ಅಂಟಿಕೊಂಡು ವರ್ಷಗಟ್ಟಲೆ ನಿಲ್ಲತ್ತೆ. ಪತ್ರಿಕೆಗಳು ಇದನ್ನು ‘ಇಂಗಾಲ ಸ್ಥಿರೀಕರಣ’ ಅಂತಾವೆ. ನನಗೆ ‘ಇಂಗಾಲ ಕೂಡಿಡೋದು’ ಸಾಕು. ಸ್ಥಿರ ಅಂದ ಕೂಡಲೇ ಶಾಶ್ವತ ಅನ್ನೋ ಭ್ರಮೆ ಬರತ್ತೆ. ಈ ದೊಡ್ಡಿಯ ಬಾಗಿಲು ತೆಗೆಯೋದು ರೋಟವೇಟರ್ ಮತ್ತು ಬೆಂಕಿಕಡ್ಡಿ.

ಅಜ್ಜಂಪುರದ ಎರೆಮಣ್ಣಲ್ಲಿ ಜೇಡಿ ಜಾಸ್ತಿ, ಹಿಡಿದಿಡೋ ಶಕ್ತಿಯೂ ಜಾಸ್ತಿ. ಕಡೂರಿನ ಮರಳುಮಿಶ್ರಿತ ಕೆಂಪು ಮಣ್ಣು ಬಿಸಿಲಿಗೆ ಬೇಗ ಕಳ್ಕೊಳ್ಳತ್ತೆ, ಅಲ್ಲಿ ಮುಚ್ಚಿಗೆ ಇಲ್ಲದೆ ಆಗಲ್ಲ. ಅಮೃತ ಮಹಲ್ ಕಾವಲುಗಳನ್ನು ಪಾಳು ನೆಲ ಅನ್ನೋರು ಒಂದು ವಿಷಯ ತಿಳ್ಕೋಬೇಕು: ಉಳುಮೆ ಕಾಣದ ಹುಲ್ಲುಗಾವಲಲ್ಲಿ ಇಂಗಾಲದ ದೊಡ್ಡ ಪಾಲು ಇರೋದೇ ನೆಲದೊಳಗೆ.

ಈಗ ದುಡ್ಡಿನ ಲೆಕ್ಕ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್ ತೂಗತ್ತೆ. ಮಣ್ಣು ಆರೋಗ್ಯ ಕಾರ್ಡಲ್ಲಿ ಸಾವಯವ ಇಂಗಾಲ ಶೇ. 0.4ರಿಂದ 0.5ಕ್ಕೆ ಏರಿದ್ರೆ ಕೂಡಿದ್ದು 0.85 ಟನ್ ಇಂಗಾಲ. ಅದನ್ನು 3.67ರಿಂದ ಗುಣಿಸಿದ್ರೆ ಸುಮಾರು 3.1 ಟನ್ ಇಂಗಾಲದ ಡೈಆಕ್ಸೈಡ್. ಒಂದು ಕ್ರೆಡಿಟ್ ಅಂದ್ರೆ ಒಂದು ಟನ್ ಡೈಆಕ್ಸೈಡ್. ಹಾಗಾಗಿ ಎಕರೆಗೆ ಮೂರು ಕ್ರೆಡಿಟ್, ಅದೂ ಕೆಲವು ವರ್ಷಗಳ ದುಡಿಮೆಗೆ. ಮರದಲ್ಲಿ ಸೇರೋ ಇಂಗಾಲದ ಲೆಕ್ಕ ಬೇರೆ. ‘ಮಣ್ಣಿಂದಲೇ ಎಕರೆಗೆ ವರ್ಷಕ್ಕೆ ಹತ್ತು ಕ್ರೆಡಿಟ್’ ಅನ್ನೋರ ಮುಂದೆ ಈ ಲೆಕ್ಕ ಇಡಿ. ಇನ್ನೊಂದು, ಮೊದಲಿನಿಂದ ಸೋಗೆ ಮುಚ್ಚಿಗೆ ಮಾಡ್ತಾ ಬಂದವರಿಗೆ ಹಳೇದು ಲೆಕ್ಕಕ್ಕೆ ಬರಲ್ಲ. ಯೋಜನೆಯಿಂದ ಹೊಸದಾಗಿ ಹೆಚ್ಚಿದ್ದಕ್ಕೆ ಮಾತ್ರ ಕ್ರೆಡಿಟ್. ಇದು ನನಗೆ ಅನ್ಯಾಯ ಅನ್ಸತ್ತೆ, ಆದರೆ ನಿಯಮ ಹಾಗಿದೆ.

ಪತ್ರದಲ್ಲಿ ‘ಸೀಕ್ವೆಸ್ಟ್ರೇಷನ್’ ಕಂಡು ಹೆದರಬೇಡಿ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಆಸ್ತಿ ಜಪ್ತಿಗಿರೋ ಇಂಗ್ಲಿಷ್ ಪದ ‘ಅಟ್ಯಾಚ್‌ಮೆಂಟ್’. ‘ಲೀನ್’, ‘ಮಾರ್ಟ್‌ಗೇಜ್’ ಇದ್ರೆ ಪೆನ್ನು ಕೆಳಗಿಟ್ಟು ವಕೀಲರಿಗೆ ತೋರಿಸಿ. ಪಹಣಿಯ ಋಣಗಳ ಕಲಮಿನಲ್ಲಿ ಏನಾದ್ರೂ ಏರಿಸ್ತಾರಾ ಅಂತ ಬಾಯಲ್ಲಲ್ಲ, ಬರಹದಲ್ಲಿ ಕೇಳಿ. ಎಷ್ಟು ವರ್ಷ ಉಳುಮೆ ಮಾಡಬಾರದು, ನಡುವೆ ತೋಟ ಮಾರಿದ್ರೆ ಅಥವಾ ಅಣ್ಣತಮ್ಮಂದಿರಲ್ಲಿ ಪಾಲಾದ್ರೆ ಏನು, ಬರಕ್ಕೆ ತೆಂಗು ಒಣಗಿ ಇಂಗಾಲ ಇಳಿದ್ರೆ ಪಡೆದ ದುಡ್ಡು ವಾಪಸ್ ಕೊಡಬೇಕಾ, ಮಣ್ಣು ಪರೀಕ್ಷೆಯ ಖರ್ಚು ಯಾರದ್ದು? ಉತ್ತರ ಕನ್ನಡದಲ್ಲಿ, ಸಹಿ ಸಮೇತ ಕೊಡಲಿ. ಕೊಡಲ್ಲ ಅಂದ್ರೆ ಸಹಿ ಹಾಕಬೇಡಿ, ಸೋಗೆ ಮಾತ್ರ ಸುಡದೆ ಬುಡಕ್ಕೆ ಹಾಕ್ತಾ ಇರಿ.