ಮರೋಲ್‌ನಲ್ಲಿ ಒಂದು ಲೋಟ ಕಾಫಿ

ಮುಂಬಯಿಯ ಮರೋಲ್ ನಾಕಾದಲ್ಲಿ ಮೆಟ್ರೊ ಇಳಿದೆ. ಅಂಧೇರಿ–ಕುರ್ಲಾ ರಸ್ತೆಯ ಲಾರಿ, ರಿಕ್ಷಾಗಳ ಗದ್ದಲ ದಾಟಿ ಒಳಗೆ ನಡೆದರೆ ‘ಬಾಂಬೆ ಟು ಬಾರ್ಸಿಲೋನಾ ಲೈಬ್ರರಿ ಕೆಫೆ’. 2016ರಲ್ಲಿ ಇದನ್ನು ತೆರೆದವರು ಅಮೀನ್ ಶೇಖ್. ಗೋಡೆಗಾನಿಸಿ ಪುಸ್ತಕಗಳು. ಕಾಫಿ ತಂದಿಟ್ಟ ಹುಡುಗ ಲೋಟದ ಕೆಳಗೆ ಚೆಲ್ಲಿದ್ದ ಹನಿಯನ್ನು ಒರೆಸಿ, ಇನ್ನೇನಾದರೂ ಬೇಕೇ ಎಂದು ಕೇಳಿ ಹೋದ. ಬೀದಿಯಲ್ಲಿ, ಅನಾಥಾಶ್ರಮಗಳಲ್ಲಿ ಬೆಳೆದವರಿಗೆ ಕೆಲಸ ಕೊಡಲೆಂದೇ ಹುಟ್ಟಿದ ಜಾಗವಿದು.

ಲೋಟದ ವಿಷಯ ಬಂದದ್ದಕ್ಕೆ ಕಾರಣವಿದೆ. ಐದು ವರ್ಷದ ಅಮೀನ್ ಚಹಾ ಅಂಗಡಿಯಲ್ಲಿ ದುಡಿಯುತ್ತಿದ್ದಾಗ ಕೈಜಾರಿ ಗ್ಲಾಸುಗಳು ಒಡೆದವು. ಹೊಡೆತ ಬೀಳುತ್ತದೆಂದು ಹೆದರಿ ಓಡಿದವನಿಗೆ ಮಲಾಡ್ ಸ್ಟೇಷನ್ನೇ ಮನೆಯಾಯಿತು. ಕೊನೆಗೆ ಒಬ್ಬ ಕ್ರೈಸ್ತ ಸಂನ್ಯಾಸಿನಿ ಅವನನ್ನು ಸ್ನೇಹಸದನಕ್ಕೆ ಕರೆತಂದರು. 1962ರಲ್ಲಿ ಜೆಸ್ವಿಟ್ ಪಾದ್ರಿಗಳು ಆರಂಭಿಸಿದ ಸಂಸ್ಥೆ ಅದು. ನೂರಾರು ಮಕ್ಕಳನ್ನು ಒಂದೇ ಹಾಲ್‌ನಲ್ಲಿ ತುಂಬದೆ, ಸಣ್ಣ ಸಣ್ಣ ಮನೆಗಳಲ್ಲಿ ಗಂಡ-ಹೆಂಡತಿಯ ಆರೈಕೆಯಲ್ಲಿ ಬೆಳೆಸುವ ಪದ್ಧತಿ. ಮುಂದೆ ಅಮೀನ್ ಕೆಲಸಕ್ಕೆ ಸೇರಿದ್ದು ಅಮುಲ್ ಹುಡುಗಿಯ ಚಿತ್ರ ಬರೆದ ಯೂಸ್ಟೇಸ್ ಫರ್ನಾಂಡಿಸ್ ಅವರಲ್ಲಿ. ಬಾರ್ಸಿಲೋನಾ ತೋರಿಸಿದವರೂ ಅವರೇ. ಅಲ್ಲಿನ ಕೆಫೆಗಳನ್ನು ನೋಡಿ ಬಂದ ಅಮೀನ್ ತಮ್ಮ ಬದುಕನ್ನು ಪುಸ್ತಕವಾಗಿಸಿ, ತಾವೇ ಅಚ್ಚು ಹಾಕಿಸಿ, ಕೈಯಲ್ಲಿ ಹಿಡಿದು ಮಾರಿದರು. ಆ ದುಡ್ಡೇ ಈ ಕೆಫೆಗೆ ಬುನಾದಿ.

ನನ್ನನ್ನು ಕಾಡುವುದು ಹದಿನೆಂಟರ ವಯಸ್ಸು. ಬಾಲಗೃಹದ ಮಕ್ಕಳು 18 ತುಂಬಿದರೆ ಹೊರಡಬೇಕು. 2015ರ ಬಾಲನ್ಯಾಯ ಕಾಯ್ದೆ 21ರವರೆಗೆ, ಅದರಡಿಯ ನಿಯಮಗಳು ವಿಶೇಷ ಸಂದರ್ಭದಲ್ಲಿ 23ರವರೆಗೆ ನೆರವಿಗೆ ಅವಕಾಶ ಕೊಟ್ಟಿವೆ, ನಿಜ. ಆದರೆ ಈ ಊರಿನಲ್ಲಿ ಬಾಡಿಗೆ ಕೋಣೆ ಹಿಡಿಯಲು ಡಿಪಾಜಿಟ್ ಬೇಕು, ನಿಮ್ಮವರು ಯಾರೆಂದು ಕೇಳುವ ಮಾಲೀಕನಿಗೆ ಉತ್ತರ ಬೇಕು. ಆ ಪ್ರಶ್ನೆಯನ್ನು ಸ್ವತಃ ಎದುರಿಸಿದವರಿಗೆ ಮೊದಲು ಏನು ಕೊಡಬೇಕೆಂಬುದು ಗೊತ್ತಿರುತ್ತದೆ: ತಿಂಗಳ ಸಂಬಳ, ತನ್ನವರೆಂದು ಹೇಳಿಕೊಳ್ಳಲು ಒಂದು ಹೆಸರು.

ಹೀಗೆ ದುಡಿಮೆಯಿಂದಲೇ ನೆಲೆ ಕಂಡುಕೊಳ್ಳುವುದು ಮುಂಬಯಿಯ ನಮ್ಮವರಿಗೆ ಹೊಸತಲ್ಲ. ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಹುಡುಗರು ಉಡುಪಿ ಹೊಟೇಲುಗಳಲ್ಲಿ ಲೋಟ ತೊಳೆದು, ಅಲ್ಲೇ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಅವರಲ್ಲಿ ಕೆಲವರು ಇಂದು ಹೊಟೇಲು ಮಾಲೀಕರು. ಮಾನ್‌ಖುರ್ದ್, ಡೋಂಗ್ರಿಯ ಬಾಲಗೃಹಗಳಿಗೆ ಅವರು ಒಮ್ಮೆ ಹೋಗಲಿ. ಈ ವರ್ಷ ಯಾರ್‍ಯಾರಿಗೆ 18 ತುಂಬುತ್ತದೆಂದು ಅಲ್ಲಿನ ಅಧೀಕ್ಷಕರನ್ನು ಕೇಳಲಿ.