ಲಿಂಗ್‌ಝಿ: ಹೊಳಪಿನ ಅಣಬೆಯ ಗುರುತು

ಚೀನದ ವೈದ್ಯಪರಂಪರೆಯಲ್ಲಿ ಅಗ್ರಮಾನ್ಯವಾದ ಔಷಧಗಳ ಸಾಲಿಗೆ ಸೇರಿ, ಚಿತ್ರಗಳಲ್ಲಿಯೂ ಕೆತ್ತನೆಗಳಲ್ಲಿಯೂ ದೀರ್ಘಾಯುಷ್ಯದ ಲಾಂಛನವಾಗಿ ಮೆರೆದ ಲಿಂಗ್‌ಝಿ ಎಂಬ ಅಣಬೆಯು, ಆಧುನಿಕ ವಿಜ್ಞಾನಗ್ರಂಥಗಳಲ್ಲಿ ಬಹುಕಾಲ ಪರಕೀಯವಾದ ಹೆಸರೊಂದನ್ನು ಹೊತ್ತುಕೊಂಡಿತ್ತು. ಲಂಡನ್ನಿನ ಬಳಿಯ ಪೆಕ್‌ಹಮ್ಮಿನಲ್ಲಿ ದೊರೆತ, ಅರಗು ಬಳಿದಂತೆ ಥಳಥಳಿಸುವ ಅಣಬೆಯನ್ನು ವಿಲಿಯಂ ಕರ್ಟಿಸನು 1781ರಲ್ಲಿ ವರ್ಣಿಸಿದ್ದನು. ಅದಕ್ಕೆ ಮುಂದೆ ಗ್ಯಾನೋಡರ್ಮಾ ಲೂಸಿಡಮ್ ಎಂಬ ನಾಮಧೇಯ ನೆಲೆಗೊಂಡಿತು. ಹೊಳಪನ್ನೇ ಪ್ರಮಾಣವಾಗಿ ಹಿಡಿದ ಪಂಡಿತರು ಚೀನದ ಅಣಬೆಗೂ ಅದನ್ನೇ ದಯಪಾಲಿಸಿದರು. 2012ರಲ್ಲಿ ಮೂವರು ಶಾಸ್ತ್ರಜ್ಞರು, ಇದು ಬೇರೆಯೇ ಪ್ರಭೇದವೆಂದು ನಿಶ್ಚಯಿಸಿ, ಗ್ಯಾನೋಡರ್ಮಾ ಲಿಂಗ್‌ಝಿ ಎಂದು ಹೆಸರಿಟ್ಟರು.

ಭೇದವನ್ನರಿಯಬೇಕಾದರೆ ಅಣಬೆಯನ್ನು ಮಗುಚಿ ನೋಡಬೇಕು. ಸೂಕ್ಷ್ಮರಂಧ್ರಗಳಿಂದ ತುಂಬಿದ ಅಡಿಮೈ ಲಿಂಗ್‌ಝಿಯಲ್ಲಿ ಹಳದಿಯಾಗಿಯೂ, ಯೂರೋಪಿನ ಅಣಬೆಯಲ್ಲಿ ಬಿಳಿಯಾಗಿಯೂ ಇರುತ್ತದೆ. ಒಣಗಿಸಿ ಹೋಳು ಮಾಡಿದ ಮೇಲೆ ಈ ಗುರುತು ನೆಚ್ಚತಕ್ಕದ್ದಲ್ಲ.

ಆಕಾರವಂತೂ ಸಾಕ್ಷಿಗೆ ನಿಲ್ಲುವುದೇ ಇಲ್ಲ; ಬೆಳೆಸುವ ರೀತಿಗೆ ತಕ್ಕಂತೆ ಅದು ಮಾರ್ಪಡುತ್ತದೆ. ಓಕ್ ಮುಂತಾದ ಗಟ್ಟಿಮರಗಳ ಗಿಡ್ಡ ತುಂಡುಗಳನ್ನು ಚೀಲದಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ, ಆರಿದ ಬಳಿಕ ಅಣಬೆಬೀಜವನ್ನು ಸೇರಿಸಿ ಕತ್ತಲಲ್ಲಿಟ್ಟರೆ, ಬೆಳ್ಳನೆಯ ಎಳೆಗಳು ಮರದೊಳಕ್ಕೆಲ್ಲ ಹಬ್ಬುತ್ತವೆ. ಆಮೇಲೆ ಆ ತುಂಡುಗಳನ್ನು ನೆರಳುಚಪ್ಪರದಡಿಯ ಮಣ್ಣಿನಲ್ಲಿ ಹೂಳಿ, ತೇವವನ್ನು ಕಾಯ್ದುಕೊಳ್ಳುತ್ತಾರೆ. ಇಲ್ಲಿಂದ ಮುಂದೆ ಗಾಳಿಯದೇ ಶಿಲ್ಪ. ಗಾಳಿಯಾಡದೆ ಇಂಗಾಲಾಮ್ಲ ಅನಿಲ ಹೆಚ್ಚಿದಲ್ಲಿ ಅಣಬೆ ಕೊಡೆಬಿಚ್ಚದೆ ಕವಲೊಡೆದು ಜಿಂಕೆಯ ಕೊಂಬಾಗುತ್ತದೆ. ಶುದ್ಧವಾಯು ಸುಳಿದಲ್ಲಿ ಅದೇ ಬೀಜ ಅಗಲವಾಗಿ ಹರಡಿ ಮೂತ್ರಪಿಂಡದ ಆಕೃತಿಯನ್ನು ತಾಳುತ್ತದೆ. ಅಂಚಿನ ಬಿಳುಪು ಮಾಸಿ ಕೆಂಗಂದು ಬಣ್ಣ ವ್ಯಾಪಿಸಿತೆಂದರೆ ಬೆಳವಣಿಗೆ ಮುಗಿದಂತೆ. ಆಗ ಉದುರುವ ಕಂದುಬಣ್ಣದ ಬೀಜಾಣುಗಳು ಕೊಡೆಯ ಮೇಲೆಯೇ ಕುಳಿತು, ಅದರ ಕೀರ್ತಿಗೆ ಕಾರಣವಾದ ಹೊಳಪನ್ನೇ ಮರೆಮಾಡುತ್ತವೆ.

ಲಿಂಗ್‌ಝಿಯ ಕಹಿರುಚಿಗೆ ಗ್ಯಾನೋಡರಿಕ್ ಆಮ್ಲಗಳೇ ಮುಖ್ಯ ಕಾರಣ. ಮಾರುವವರು ಸಕಲರೋಗನಿವಾರಕವೆಂದು ಘೋಷಿಸುವುದುಂಟು. ಆದರೆ ಮಧುಮೇಹಿಗಳ ರಕ್ತದ ಸಕ್ಕರೆಯನ್ನು ಇದು ತಗ್ಗಿಸುವುದೇ ಎಂದು ಪ್ರಯೋಗಗಳನ್ನು ತೂಗಿನೋಡಿದ 2015ರ ಕಾಕ್ರೇನ್ ಸಮೀಕ್ಷೆಗೆ ಅನುಕೂಲವಾದ ಆಧಾರ ದೊರೆಯಲಿಲ್ಲ.

ಇದರ ದಾಯಾದಿಗಳು ನಮ್ಮ ಅಡಕೆ, ತೆಂಗಿನ ತೋಟಗಳಿಗೂ ಅಪರಿಚಿತರಲ್ಲ. ರೈತರು ಅಣಬೆರೋಗವೆಂದು ಹೆದರುವ ವ್ಯಾಧಿಯನ್ನು ತರುವುದು ಗ್ಯಾನೋಡರ್ಮಾ ಕುಲವೇ. ಮರದ ಬುಡದಲ್ಲಿ ಹೊಳೆಯುವ ಕೊಡೆ ಕಾಣಿಸಿಕೊಳ್ಳುವ ಹೊತ್ತಿಗೆ ಬೇರು ಬಹಳ ಮಟ್ಟಿಗೆ ಕೊಳೆತಿರುತ್ತದೆ. ಆಗ ಸುತ್ತ ಕಂದಕ ತೋಡಿ ನೆರೆಯ ಮರಗಳನ್ನು ಕಾಪಾಡಿಕೊಳ್ಳುವುದಷ್ಟೇ ಉಳಿದ ಕೆಲಸ.