ಹಳೆಯ ಗರಗಸ ಕೊಳ್ಳುವ ಮುನ್ನ

ಅಕ್ಕತಂಗಿಯರೇ,

ಸಂತೆಯಲ್ಲಿ ನಾವು ಬದನೆಕಾಯಿ ಕೊಳ್ಳುತ್ತೇವೆ. ಸುಮ್ಮನೆ ಕೊಳ್ಳುತ್ತೇವೆಯೇ? ಇಲ್ಲ. ತಿರುಗಿಸಿ ನೋಡುತ್ತೇವೆ. ತೂತು ಇದೆಯೇ, ಹುಳ ಇದೆಯೇ ಅಂತ ಹುಡುಕುತ್ತೇವೆ. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ಸದ್ದು ಕೇಳುತ್ತೇವೆ. ಅಲ್ಲಿ ನಮಗೆ ಮೋಸ ಮಾಡುವುದು ಸುಲಭವಲ್ಲ.

ಆದರೆ ಗರಗಸ ಕೊಳ್ಳಬೇಕಾದರೆ? "ಅದು ಗಂಡಸರ ಸಾಮಾನು, ನಮಗೇನು ಗೊತ್ತಾಗ್ತದೆ?" ಅಂತ ಹಿಂದೆ ಸರಿಯುತ್ತೇವೆ. ಕೋಳಿ ಗೂಡಿನ ಬಾಗಿಲು ಮುರಿದಿರುತ್ತದೆ. ಆಡಿನ ಕೊಟ್ಟಿಗೆಗೆ ಗಳ ಕೊಯ್ಯಬೇಕಾಗಿರುತ್ತದೆ. ಒಂದು ಹಲಗೆ ಕೊಯ್ಯಲು ಎಂಟು ದಿನ ಕಾಯುತ್ತೇವೆ. ಅಷ್ಟರಲ್ಲಿ ನಾಯಿ ಕೋಳಿ ಹಿಡಿದಿರುತ್ತದೆ.

ಮನೆಯಲ್ಲಿ ಒಂದು ಒಳ್ಳೆಯ ಗರಗಸ ಇದ್ದರೆ ಇಂಥ ಕೆಲಸ ನಾವೇ ಮಾಡಬಹುದು. ನಾಲ್ಕು ಮನೆಯವರು ಸೇರಿಯೂ ಒಂದನ್ನು ಕೊಳ್ಳಬಹುದು. ಬದನೆಕಾಯಿ ಆರಿಸುವ ಕಣ್ಣು, ಮಡಕೆ ಬಡಿಯುವ ಕೈ ಇದಕ್ಕೂ ಸಾಕು. ಏನು ನೋಡಬೇಕು ಅಂತ ತಿಳಿದರಾಯಿತು.

ಹಳೆಯದು ಏಕೆ?

ಗರಗಸದ ಹಲ್ಲು ಸವೆಯುತ್ತದೆ. ಆದರೆ ಅದನ್ನು ಅರದಿಂದ ಉಜ್ಜಿ ಮತ್ತೆ ಚೂಪು ಮಾಡಬಹುದು. ಒಂದು ಸಲವಲ್ಲ, ಹತ್ತಾರು ಸಲ. ಉಕ್ಕು ಒಳ್ಳೆಯದಾಗಿದ್ದರೆ ಗರಗಸ ಎಷ್ಟೋ ವರ್ಷ ಬಾಳುತ್ತದೆ. ಆದ್ದರಿಂದ ಹಳೆಯದು ಅಂದರೆ ಕೆಟ್ಟದ್ದು ಅಂತ ಅಲ್ಲ.

ಹಳೆಯ ಗರಗಸ ಗುಜರಿ ಅಂಗಡಿಯಲ್ಲಿ ಸಿಗುತ್ತದೆ. ಸಂತೆಯಲ್ಲಿ ಹಳೆಯ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಕೆಲಸ ಬಿಟ್ಟ ಬಡಗಿಗಳ ಮನೆಯಲ್ಲಿ ಕೇಳಿದರೂ ಸಿಗಬಹುದು. ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್ ಇದೆ. ಅಲ್ಲಿ ರಸ್ತೆ ಬದಿಯಲ್ಲಿ ಹಳೆಯ ಸಾಮಾನು ಹರಡಿ ಮಾರುತ್ತಾರೆ.

ಏನೇನು ನೋಡಬೇಕು?

ಗರಗಸದಲ್ಲಿ ಮೂರು ಭಾಗ ಇವೆ. ಅಲಗು, ಹಲ್ಲು, ಹಿಡಿ. ಒಂದೊಂದಾಗಿ ನೋಡೋಣ.

1. ಅಲಗು ನೇರ ಇದೆಯೇ?

ಸೂಜಿಗೆ ದಾರ ಪೋಣಿಸುವಾಗ ಒಂದು ಕಣ್ಣು ಮುಚ್ಚುತ್ತೇವಲ್ಲ? ಹಾಗೇ ಒಂದು ಕಣ್ಣು ಮುಚ್ಚಿ. ಹಿಡಿಯ ಕಡೆಯಿಂದ ತುದಿಯವರೆಗೆ ಹಲ್ಲಿನ ಸಾಲನ್ನು ನೋಡಿ. ಸಾಲು ದಾರ ಎಳೆದ ಹಾಗೆ ನೇರ ಇರಬೇಕು.

ಅಲಗನ್ನು ಸ್ವಲ್ಪ ಬಗ್ಗಿಸಿ ಬಿಡಿ. ಒಳ್ಳೆಯ ಉಕ್ಕಾದರೆ ಮತ್ತೆ ನೇರ ಆಗುತ್ತದೆ. ಬಗ್ಗಿದ ಹಾಗೇ ನಿಂತರೆ ಬೇಡ. ಕಾಗದ ಮಡಚಿದ ಹಾಗೆ ಒಂದೇ ಕಡೆ ಮಡಿಕೆ ಬಿದ್ದಿದ್ದರೂ ಬೇಡ. ಅಂಥದ್ದು ಮರದೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಸರಿಮಾಡುವುದು ಬಹಳ ಕಷ್ಟ.

2. ತುಕ್ಕು ಎಷ್ಟು?

ತುಕ್ಕು ಕಂಡ ಕೂಡಲೇ ಬೇಡ ಅನ್ನಬೇಡಿ. ಮೇಲೆ ಕೆಂಪಗೆ ಪುಡಿ ಹಾಗೆ ಇರುವ ತುಕ್ಕು ಉಜ್ಜಿದರೆ ಹೋಗುತ್ತದೆ. ಬೆರಳು ಆಡಿಸಿ ನೋಡಿ. ಆದರೆ ಹಲ್ಲಿನ ಮೇಲೆ ಬೆರಳು ಎಳೆಯಬೇಡಿ, ಕೊಯ್ದುಬಿಡುತ್ತದೆ. ಅಲಗಿನ ಬದಿ ನಯವಾಗಿದ್ದರೆ ಪರವಾಗಿಲ್ಲ. ಸಿಡುಬಿನ ಕಲೆ ಹಾಗೆ ಗುಳಿ ಗುಳಿ ಇದ್ದರೆ ತುಕ್ಕು ಒಳಗೆ ಇಳಿದಿದೆ. ಅದರಲ್ಲೂ ಹಲ್ಲಿನ ಹತ್ತಿರ ಗುಳಿ ಇದ್ದರೆ ಹಲ್ಲು ಚೂಪಾಗಿ ನಿಲ್ಲುವುದಿಲ್ಲ. ಬಿಟ್ಟುಬಿಡಿ.

3. ಬಿರುಕು ಇದೆಯೇ?

ಅಲಗನ್ನು ಬೆಳಕಿಗೆ ಹಿಡಿಯಿರಿ. ಹಲ್ಲಿನ ಬುಡದಲ್ಲಿ, ಹಿಡಿಯ ಹತ್ತಿರ ಚೆನ್ನಾಗಿ ನೋಡಿ. ಕೂದಲಿನಷ್ಟು ಬಿರುಕು ಇದ್ದರೂ ಬೇಡ. ಕೊಯ್ಯುವಾಗ ಅಲಗು ಮುರಿದರೆ ಕೈಗೆ ಅಪಾಯ.

4. ಹಲ್ಲುಗಳು ಹೇಗಿವೆ?

ಮೊಂಡಾಗಿದ್ದರೆ ಚಿಂತೆ ಇಲ್ಲ. ಒಂದೆರಡು ಹಲ್ಲು ಮುರಿದಿದ್ದರೂ ನಡೆಯುತ್ತದೆ. ಒಂದೇ ಕಡೆ ಮೂರು ನಾಲ್ಕು ಹಲ್ಲು ಸಾಲಾಗಿ ಇಲ್ಲದಿದ್ದರೆ ತೊಂದರೆ. ಅಲ್ಲಿ ಗರಗಸ ತಡೆದು ಎಗರುತ್ತದೆ.

ಹಲ್ಲಿನ ತುದಿಗಳ ಬಣ್ಣ ನೋಡಿ. ಈಗಿನ ಕೆಲವು ಗರಗಸಗಳಲ್ಲಿ ಹಲ್ಲಿನ ತುದಿ ಮಾತ್ರ ಕಪ್ಪು ನೀಲಿ ಇರುತ್ತದೆ. ಅದನ್ನು ಕಾರ್ಖಾನೆಯಲ್ಲಿ ಕಾಯಿಸಿ ತುಂಬಾ ಗಟ್ಟಿ ಮಾಡಿರುತ್ತಾರೆ. ಅರ ಇಟ್ಟರೆ ಜಾರುತ್ತದೆ. ಇಂಥ ಗರಗಸ ಹೊಸತಾಗಿದ್ದಾಗ ಚೆನ್ನಾಗಿ ಕೊಯ್ಯುತ್ತದೆ. ಮೊಂಡಾದ ಮೇಲೆ ಚೂಪು ಮಾಡಲು ಆಗುವುದಿಲ್ಲ. ಆದ್ದರಿಂದ ಇದನ್ನು ಹಳೆಯದಾಗಿ ಕೊಂಡರೆ ದುಡ್ಡು ದಂಡ.

5. ಹಲ್ಲುಗಳು ಅತ್ತ ಇತ್ತ ಬಾಗಿವೆಯೇ?

ಗರಗಸದ ಹಲ್ಲು ಒಂದು ಎಡಕ್ಕೆ, ಒಂದು ಬಲಕ್ಕೆ ಸ್ವಲ್ಪ ಬಾಗಿರಬೇಕು. ಹಾಗಿದ್ದರೆ ಮರದಲ್ಲಿ ಬೀಳುವ ಸೀಳು ಅಲಗಿಗಿಂತ ಅಗಲ ಆಗುತ್ತದೆ. ಅಲಗು ಸಲೀಸಾಗಿ ಆಡುತ್ತದೆ.

ಇದನ್ನು ನೋಡಲು ಬಡಗಿಗಳ ಒಂದು ಹಳೆಯ ಉಪಾಯ ಇದೆ. ಒಂದು ಹೊಲಿಗೆ ಸೂಜಿ ಸಾಕು! ಹಲ್ಲು ಮೇಲೆ ಬರುವ ಹಾಗೆ ಗರಗಸ ಹಿಡಿಯಿರಿ. ಎಡ ಬಲ ಹಲ್ಲುಗಳ ನಡುವಿನ ಸಂದಿಯಲ್ಲಿ ಸೂಜಿ ಇಡಿ. ಗರಗಸವನ್ನು ಓರೆ ಮಾಡಿ. ಸೂಜಿ ಕೆಳಗೆ ಬೀಳದೆ ಸಂದಿಯಲ್ಲೇ ಈ ತುದಿಯಿಂದ ಆ ತುದಿಗೆ ಜಾರಿದರೆ ಹಲ್ಲು ಸರಿಯಾಗಿವೆ. ನಡುವೆ ಬಿದ್ದರೆ ಅಲ್ಲಿ ಹಲ್ಲು ಸರಿ ಇಲ್ಲ. ಇದು ದೊಡ್ಡ ದೋಷವಲ್ಲ. ಬಡಗಿ ಸರಿಮಾಡಿ ಕೊಡುತ್ತಾರೆ.

6. ಇಂಚಿಗೆ ಎಷ್ಟು ಹಲ್ಲು?

ಬಟ್ಟೆ ಅಳೆಯುವ ಟೇಪು ಹಿಡಿದು ಎಣಿಸಿ. ಇಂಚಿಗೆ 5 ಅಥವಾ 6 ಹಲ್ಲು ಇದ್ದರೆ ಅದು ದೊಡ್ಡ ಹಲ್ಲು. ಮರವನ್ನು ಉದ್ದಕ್ಕೆ ಸೀಳಲು ಒಳ್ಳೆಯದು. ಬೇಗ ಕೊಯ್ಯುತ್ತದೆ, ಆದರೆ ಅಂಚು ಒರಟು. 8ರಿಂದ 10 ಹಲ್ಲು ಇದ್ದರೆ ನಿಧಾನ, ಆದರೆ ಅಂಚು ನಯ. ಹಲಗೆ ಅಡ್ಡ ಕೊಯ್ಯಲು ಇದು ಬೇಕು. ಮನೆಯ ಚಿಲ್ಲರೆ ಕೆಲಸಕ್ಕೆ 7 ಅಥವಾ 8 ಹಲ್ಲಿನದು ಸಾಕು.

7. ಅಲಗು ಎಷ್ಟು ಅಗಲ ಉಳಿದಿದೆ?

ಚೂಪು ಮಾಡಿದಷ್ಟೂ ಅಲಗು ಸವೆದು ಕಿರಿದಾಗುತ್ತದೆ. ತುದಿಯಲ್ಲಿ ಅಲಗು ತೀರಾ ಕಿರಿದಾಗಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ ಅಂತ ತಿಳಿಯಿರಿ.

8. ಹಿಡಿ ಗಟ್ಟಿ ಇದೆಯೇ?

ಹಿಡಿ ಅಲ್ಲಾಡಿಸಿ ನೋಡಿ. ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು. ಮರ ಸೀಳಿದ್ದರೆ ಹೊಸ ಹಿಡಿ ಹಾಕಿಸಬೇಕು. ನಿಮ್ಮ ಕೈಯಲ್ಲಿ ಹಿಡಿದು ನೋಡುವುದನ್ನು ಮರೆಯಬೇಡಿ. ಹಿಡಿ ನಮ್ಮ ಕೈಗೆ ಒಗ್ಗಬೇಕು. ತೂಕ ನಮ್ಮ ತೋಳಿಗೆ ತಡೆಯಬೇಕು.

ಲೆಕ್ಕ ಹಾಕೋಣ

ಅಂಗಡಿಯವರು ಹೇಳಿದ ಬೆಲೆ ಒಂದೇ ಬೆಲೆಯಲ್ಲ. ಆಮೇಲಿನ ಖರ್ಚೂ ಸೇರಬೇಕು. ಹೀಗೆ ಅಂದುಕೊಳ್ಳೋಣ:

ಹಳೆಯ ಗರಗಸಕ್ಕೆ 150 ರೂಪಾಯಿ.
ಹಲ್ಲು ಚೂಪು ಮಾಡಿಸಲು 80 ರೂಪಾಯಿ.
ಹೊಸ ಹಿಡಿಗೆ 70 ರೂಪಾಯಿ.
ಒಟ್ಟು 300 ರೂಪಾಯಿ.

ಹೊಸ ಗರಗಸಕ್ಕೆ 350 ರೂಪಾಯಿ ಆದರೆ ಉಳಿಯುವುದು 50 ರೂಪಾಯಿ ಮಾತ್ರ. ಹಿಡಿ ಚೆನ್ನಾಗಿದ್ದರೆ 120 ರೂಪಾಯಿ ಉಳಿಯುತ್ತದೆ. ಈ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಚೌಕಾಸಿ ಮಾಡಿ. "ಹಿಡಿ ಸೀಳಿದೆ ನೋಡಣ್ಣ, ಇದಕ್ಕೆ ಇನ್ನೂ ಖರ್ಚಿದೆ" ಅಂತ ದೋಷ ತೋರಿಸಿ ಕೇಳಿ. ದೋಷ ಗೊತ್ತಿರುವವರ ಮಾತಿಗೆ ಬೆಲೆ ಇದೆ.

ತೂಕಕ್ಕೆ ಮಾರಬೇಡಿ

ಇನ್ನೊಂದು ಮಾತು. ಮನೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದವರು ತೀರಿಕೊಂಡರೆ ಅವರ ಉಪಕರಣಗಳು ಮೂಲೆ ಸೇರುತ್ತವೆ. ಒಂದು ದಿನ ಗುಜರಿಯವರು ಬರುತ್ತಾರೆ. ಎಲ್ಲವನ್ನೂ ಕಬ್ಬಿಣ ಅಂತ ತಕ್ಕಡಿಗೆ ಹಾಕುತ್ತಾರೆ. ಕಷ್ಟದಲ್ಲಿ ಇರುವ ಹೆಣ್ಣುಮಗಳು ಕೊಟ್ಟಷ್ಟು ತೆಗೆದುಕೊಳ್ಳುತ್ತಾಳೆ. ಅದೇ ಗರಗಸವನ್ನು ಅವರು ಉಪಕರಣದ ಬೆಲೆಗೆ ಮಾರುತ್ತಾರೆ.

ಆದ್ದರಿಂದ ಕೊಡುವ ಮುನ್ನ ಮೇಲೆ ಹೇಳಿದ ಎಂಟನ್ನೂ ನೋಡಿ. ಚೆನ್ನಾಗಿದ್ದರೆ ತೂಕಕ್ಕೆ ಕೊಡಬೇಡಿ. ಊರಿನ ಬೇರೆ ಬಡಗಿಗಳನ್ನು ಕೇಳಿ. ಇಲ್ಲವೇ ನೀವೇ ಇಟ್ಟುಕೊಂಡು ಬಳಸಿ.

ಮನೆಗೆ ತಂದ ಮೇಲೆ

ಉಪ್ಪುಕಾಗದದಿಂದ ತುಕ್ಕು ಉಜ್ಜಿ. ದಪ್ಪ ಬಟ್ಟೆಯಿಂದ ಒರೆಸಿ. ತೆಳ್ಳಗೆ ಎಣ್ಣೆ ಸವರಿ. ಹಲ್ಲು ಚೂಪು ಮಾಡಲು ಬಡಗಿಯ ಹತ್ತಿರ ಕೊಡಿ. ಅವರು ಮೂರು ಮೂಲೆಯ ಅರದಿಂದ ಒಂದೊಂದೇ ಹಲ್ಲು ಉಜ್ಜುತ್ತಾರೆ. ಚಾಕು ಮಸೆಯುವ ಚಕ್ರಕ್ಕೆ ಮಾತ್ರ ಕೊಡಬೇಡಿ. ಚಕ್ರದ ಬಿಸಿಗೆ ಉಕ್ಕು ಮೆತ್ತಗಾಗುತ್ತದೆ, ಹಲ್ಲು ಕೆಡುತ್ತದೆ.

ಕೆಲಸ ಮುಗಿದ ಮೇಲೆ ಹಲ್ಲಿಗೆ ಬಟ್ಟೆ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕೈ ಕೊಯ್ದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದು ಬೇಕೇ ಅಂತ ಕೇಳಿ.

ನೆನಪಿಡೋಣ

ತುಕ್ಕು ಹೋಗುತ್ತದೆ. ಮೊಂಡು ಚೂಪಾಗುತ್ತದೆ. ಹಿಡಿ ಬದಲಾಗುತ್ತದೆ.
ಮಡಿಕೆ, ಬಿರುಕು, ಗುಳಿ ಹೋಗುವುದಿಲ್ಲ.

ಉತ್ತರ ಹೇಳಿ

1. ಗರಗಸದ ಹಲ್ಲು ಎಡ ಬಲಕ್ಕೆ ಏಕೆ ಬಾಗಿರಬೇಕು?
2. ಹಲ್ಲಿನ ತುದಿ ಕಪ್ಪು ನೀಲಿ ಇರುವ ಹಳೆಯ ಗರಗಸ ಏಕೆ ಬೇಡ?
3. ಹಳೆಯ ಗರಗಸಕ್ಕೆ 120 ರೂಪಾಯಿ, ಚೂಪು ಮಾಡಿಸಲು 80 ರೂಪಾಯಿ. ಒಟ್ಟು ಎಷ್ಟು?
4. ನಿಮ್ಮ ಮನೆಯ ಮೂಲೆಯಲ್ಲಿ ಯಾವ ಹಳೆಯ ಉಪಕರಣ ಇದೆ? ಹೊರಗೆ ತೆಗೆದು ನೋಡಿ. ಅದರ ಹೆಸರು ಬರೆಯಿರಿ.